ಸಹಾಯ ಬೇಕು: ಯುದ್ಧದ ಮಾತು ಬಂದರೆ ಗೆಳೆಯನ ಜೊತೆ ಜಗಳ

ಒಂದು ಸಲಹೆ ಬೇಕಿತ್ತು. ನಾನು ಉಕ್ರೇನ್, ಗಾಜಾ ಸುದ್ದಿ ಎತ್ತಿದರೆ ಸಾಕು, ಗೆಳೆಯ ಸಿಡುಕುತ್ತಾನೆ: "ಮೊದಲು ನಮ್ಮಲ್ಲಿನ ಬಡತನ ನೋಡು, ಊರ ಉಸಾಬರಿ ಆಮೇಲೆ." ಸುಮ್ನೆ ಹೇಳುವವನಲ್ಲ, ರಜಾ ದಿನ ಬಡ ಮಕ್ಕಳಿಗೆ ಪಾಠ ಹೇಳಿಕೊಡುತ್ತಾನೆ. ಆದರೆ ಇವೆರಡೂ ಬೇರೆ ಬೇರೆ ಅಂತ ನನಗೆ ಅನಿಸುವುದಿಲ್ಲ. 2022ರಲ್ಲಿ ರಷ್ಯಾ ದಾಳಿ ಮಾಡಿದಾಗ ಕಪ್ಪು ಸಮುದ್ರದ ಉಕ್ರೇನ್ ಬಂದರುಗಳು ಬಂದ್ ಆದವು. ಗೋಧಿ, ಸೂರ್ಯಕಾಂತಿ ಎಣ್ಣೆ ಎಷ್ಟೋ ದೇಶಗಳಲ್ಲಿ ದುಬಾರಿಯಾಯಿತು. ಪೆಟ್ಟು ಜಾಸ್ತಿ ಬಿದ್ದಿದ್ದು ಬಡವರಿಗೇ ಅಲ್ವಾ? ವಿಯೆಟ್ನಾಂ ಯುದ್ಧ ಬಡವರ ಯೋಜನೆಗಳ ಹಣ ನುಂಗುತ್ತಿದೆ ಎಂದು ಅಮೆರಿಕದ ನಾಗರಿಕ ಹಕ್ಕುಗಳ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1967ರಲ್ಲೇ ಹೇಳಿದ್ದರು. ಇದನ್ನೆಲ್ಲ ಹೇಳಿದರೆ "ಭಾಷಣ ಬೇಡ ಮಾರಾಯ" ಅಂತ ಫೋನ್ ಇಟ್ಟುಬಿಡುತ್ತಾನೆ. ವಾದ ಗೆಲ್ಲುವ ಹಟ ನನಗಿಲ್ಲ (ಸ್ವಲ್ಪ ಇದೆ ಅನ್ನಿ). ಸ್ನೇಹ ಕೆಡದ ಹಾಗೆ ಈ ಮಾತು ಮುಂದುವರಿಸುವುದು ಹೇಗೆ? ಇಂಥ ಗೆಳೆಯರಿದ್ದವರು ದಯವಿಟ್ಟು ಹೇಳಿ.