ಕೆಜಿಎಫ್ ಈಗ ಹೇಗಿದೆ? ನೋಡಲು ಏನಾದರೂ ಉಳಿದಿದೆಯಾ?

ಸಿರ್ಸಿ ಮಾಣಿ:
ದಸರಾ ರಜೆಗೆ ಬೆಂಗಳೂರಿನ ಅಕ್ಕನ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ಕೆಜಿಎಫ್ ನೋಡಲೇಬೇಕು ಅಂತ ಮಗನ ಹಟ, ಸಿನಿಮಾದ ಹುಚ್ಚು. ಗಣಿಯೊಳಗೆ ಬಿಡುತ್ತಾರಾ? ಊರಲ್ಲಿ ಜನ ಇದ್ದಾರಾ, ಪೂರ್ತಿ ಹಾಳು ಬಿದ್ದಿದೆಯಾ?

ಕೋಡಿಬಾಗದವ:
ಹಾಳೂರು ಅನ್ನಬೇಡಿ ಮಾರಾಯ್ರೆ, ನಾನು ಹುಟ್ಟಿದ ಊರು ಅದು! ಕೆಲಸಕ್ಕೆ ಅಂತ ಕಾರವಾರಕ್ಕೆ ಬಂದವನು ಇಲ್ಲೇ ಉಳಿದೆ. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು.

ಒಳಗೆ ಯಾರನ್ನೂ ಬಿಡುವುದಿಲ್ಲ. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಜನ ಮಾತ್ರ ಧಾರಾಳ ಇದ್ದಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆಮೇಲೆ ಊರಿಗೆ ಅನ್ನ ಹಾಕಿದ್ದು ರೈಲು. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ಗಾಡಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ವಾಪಸ್.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಮೇಸ್ತ್ರಿಕೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು, ಬಂಡೆ ಒಡೆಯಲು ಆರ್ಕಾಟು, ಚಿತ್ತೂರು ಕಡೆಯ ಬಡವರು. ದೊರೆಗಳಿಗೆ ಬಂಗಲೆ, ಕ್ಲಬ್ಬು. ನಮಗೆ ‘ಲೈನ್ಸ್’. ಗೋಡೆಗೆ ಗೋಡೆ ಅಂಟಿದ ಪುಟ್ಟ ಮನೆಗಳ ಸಾಲು. ರಾತ್ರಿ ಪಾಳಿ ಮುಗಿಸಿ ಮಲಗಿದ ಅಪ್ಪನಿಗೆ ಪಕ್ಕದ ಮನೆಯ ಒರಳಿನ ಸದ್ದಿಗೂ ಎಚ್ಚರ ಆಗುತ್ತಿತ್ತು.

ಗಣಿ ಇಳಿದಿದ್ದು 3 ಕಿಲೋಮೀಟರಿಗೂ ಜಾಸ್ತಿ ಆಳ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ತಂಪು ಗಾಳಿ ಊದದಿದ್ದರೆ ನಿಲ್ಲಲೂ ಆಗದು. ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಯ ತಟ್ಟೆ ಲೋಟ ಗಡಗಡ ಅನ್ನುತ್ತಿದ್ದವು. ಅಮ್ಮ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಸಾಲಿನ ಅಷ್ಟೂ ಹೆಂಗಸರು ಬಾಗಿಲಲ್ಲೇ. ಯಾರ ಮನೆಯವರು ಕೆಳಗಿದ್ದಾರೆ ಅಂತ ಒಬ್ಬರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಇದನ್ನೆಲ್ಲ ದಾಟಿ ರಿಟೈರ್ ಆದವರಿಗೂ ಕಲ್ಲಿನ ಧೂಳಿನ ಎದೆರೋಗ. ಸಿನಿಮಾದಲ್ಲಿ ಆ ಕೆಮ್ಮು ಕೇಳಿಸಲ್ಲ ಬಿಡಿ.

ಸಿರ್ಸಿ ಮಾಣಿ:
ಇಷ್ಟೆಲ್ಲ ಗೊತ್ತೇ ಇರಲಿಲ್ಲ. ಕರೆಂಟು ಮೊದಲು ಬಂದದ್ದು ಕೆಜಿಎಫ್‌ಗೆ ಅನ್ನುತ್ತಾರಲ್ಲ, ನಿಜವಾ? ನಮ್ಮ ಕಡೆ ಕೇಳಿದರೆ ಎಲ್ಲ ಜೋಗದ್ದೇ ಜಂಬ.

ಕುಮಟಾ ಮೇಷ್ಟ್ರು:
ಜೋಗದ್ದು 1948, ಬಹಳ ಈಚಿನದು. ಶಿವನಸಮುದ್ರದ್ದು 1902. ಕಾವೇರಿಯಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದದ್ದೇ ಈ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ಕ್ಕೆ. ಫಿಸಿಕ್ಸ್ ಪಾಠ ಮಾಡುವವನಾಗಿ ಇನ್ನೊಂದು ಸೇರಿಸುತ್ತೇನೆ: 1965ರಲ್ಲಿ ಅದೇ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಅತಿ ಸೂಕ್ಷ್ಮ ಕಣ ಪತ್ತೆಯಾಯಿತು. ಮಗನಿಗೆ ಹೇಳಿ, ಚಿನ್ನಕ್ಕಿಂತ ದೊಡ್ಡದು!

ಕೋಡಿಬಾಗದವ:
ಮೇಷ್ಟ್ರೇ, ಕರೆಂಟು ಬಂದದ್ದು ಯಂತ್ರಗಳಿಗೆ, ಬಂಗಲೆಗಳಿಗೆ. ನಮ್ಮಜ್ಜಿ ಲೈನ್ಸಿನಲ್ಲಿ ಅಡುಗೆ ಮಾಡಿದ್ದು ಸೀಮೆಎಣ್ಣೆ ಬುಡ್ಡಿ ಬೆಳಕಿನಲ್ಲೇ.

ಸಿರ್ಸಿಯವರೇ, ಸೈನೈಡ್ ದಿಬ್ಬಗಳನ್ನು ದೂರದಿಂದ ನೋಡಿ ಸಾಕು. ಚಿನ್ನ ತೆಗೆದು ಉಳಿದ ಪುಡಿ ಅದು, ಗಾಳಿ ಬೀಸಿದರೆ ಕಣ್ಣು ಬಾಯಿಗೆಲ್ಲ ಹಾರುತ್ತದೆ. ಮಗನನ್ನು ಸುಮ್ನೆ ಮೇಲೆ ಹತ್ತಿಸಬೇಡಿ. ಊಟಕ್ಕೆ ರಾಬರ್ಟ್‌ಸನ್‌ಪೇಟೆಗೆ ಹೋಗಿ. ಅಲ್ಲಿ ಯಾವ ಅಂಗಡಿ ಮುಂದೆ ಕೂತ ಅಜ್ಜನನ್ನು ಮಾತಾಡಿಸಿದರೂ ಗಣಿಯ ಕತೆ ಸಿಗುತ್ತದೆ, ಟಿಕೆಟ್ ಇಲ್ಲದೆ.