ಪದಚರ್ಚೆ: ಫೇಸಿಯಾಗೆ ಕನ್ನಡದಲ್ಲಿ ಏನನ್ನೋಣ? ‘ಮಾಡಿನ ದಡಿ’ ನಡೆಯುತ್ತಾ?

ಬಳಗದವರಿಗೆ ಕಲಬುರಗಿಯಿಂದ ನಮಸ್ಕಾರ.

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗಳು ಹಳೇ ಮನೆಯೊಂದನ್ನು ಕೊಂಡಿದ್ದಾಳೆ. ಹೋದ ವಾರ ಫೋನಿನಲ್ಲಿ ‘ಫೇಸಿಯಾ ಎಲ್ಲ ಬದಲಿಸಬೇಕಂತ ಅಮ್ಮಾ’ ಅಂದಳು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲಿ ಮನಿಗೂ ಫೇಶಿಯಲ್ ಮಾಡಸ್ತಾರೇನವ್ವಾ?’ ಅಂದಳು. ಫೋನು ನನ್ನ ಕೈಗೆ ಬಂತು. ‘ಮಾಮಾ, ನೀವರೆ ಕನ್ನಡದಾಗ ಹೇಳ್ರಿ.’ ಹೇಳೋಕೆ ಹೋದರೆ ನನಗೂ ಪದ ಸಿಗಲಿಲ್ಲ.

ವಸ್ತು ಗೊತ್ತಿದೆ. ಇಳಿಜಾರು ಮಾಡಿನಲ್ಲಿ ಜಂತಿಗಳ ತುದಿ ಹೊರಗೆ ಚಾಚಿರುತ್ತವೆ ಅಲ್ವಾ, ಆ ತುದಿಗಳನ್ನು ಮುಚ್ಚಿ ಉದ್ದಕ್ಕೂ ಹೊಡೆದ ಹಲಗೆ ಅದು. ಮಳೆನೀರಿನ ದೋಣಿಯನ್ನೂ ಅದಕ್ಕೇ ಕೂರಿಸಿರುತ್ತಾರೆ. ಫೇಸಿಯಾ ಮೂಲದಲ್ಲಿ ಲ್ಯಾಟಿನ್, ಅರ್ಥ ‘ಪಟ್ಟಿ’. ಮುಖಕ್ಕೂ ಅದಕ್ಕೂ ಸಂಬಂಧ ಇಲ್ಲ. ಬ್ರಿಟನ್ನಿನಲ್ಲಿ ಅಂಗಡಿಯ ಹೆಸರಿನ ಬೋರ್ಡಿಗೂ, ಕಾರಿನ ಡ್ಯಾಶ್‌ಬೋರ್ಡಿಗೂ ಇದೇ ಪದ. ಡಾಕ್ಟರುಗಳು ಸ್ನಾಯು ಸುತ್ತಿದ ಪೊರೆಗೂ ಹೀಗೇ ಅನ್ನುತ್ತಾರೆ.

ನಮ್ಮ ಕಡೆ ಪದ ಯಾಕಿಲ್ಲ ಅಂದರೆ ವಸ್ತುವೇ ಅಪರೂಪ. ಮಟ್ಟಸ ಚಾವಣಿಯ ಮಾಳಿಗೆ ಮನೆಯಲ್ಲಿ ಜಂತಿಯ ತುದಿ ಗೋಡೆಯೊಳಗೇ ಕೂತಿರುತ್ತದೆ. ಹೊರಗೆ ಚಾಚಿದ್ದು ಏನಾದರೂ ಇದ್ದರೆ ಅದು ಶಹಾಬಾದ್ ಕಲ್ಲಿನ ಛಜ್ಜಾ. ನಾನು ಇಂಥ ಹಲಗೆ ಕಂಡದ್ದು ಚಿಕ್ಕವನಿದ್ದಾಗ, ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನ ಹೆಂಚಿನ ವರಾಂಡದಲ್ಲಿ. ಅದರ ಹಿಂದೆ ಗುಬ್ಬಿ ಗೂಡು ಕಟ್ಟುತ್ತಿತ್ತು. ‘ಆ ಪಟ್ಟಿ ಹಿಂದ ನೋಡು’ ಅನ್ನುತ್ತಿದ್ದೆವು, ಅಷ್ಟೇ.

ಮೊದಲು ಹೊಳೆದದ್ದು ‘ಸೂರುಪಟ್ಟಿ’. ಸೂರು ಅಂದರೆ ಮಾಡಿನ ಅಂಚು, ತೆಲುಗಿನ ಚೂರು ಕೂಡ ಅದೇ. ಆದರೆ ಈಗ ಸೂರು ಅಂದರೆ ಮನೆ ಅಂತಲೇ ಜನರ ತಲೆಯಲ್ಲಿ ಕೂತಿದೆ. ಪಟ್ಟಿ ಅಂದರೆ ಯಾದಿಯೂ ಹೌದು. ‘ಸೂರುಪಟ್ಟಿ ಬದಲಿಸಬೇಕು’ ಅಂತ ಯಾರಾದರೂ ಅಂದರೆ, ಪಂಚಾಯ್ತಿಯಲ್ಲಿ ಮನೆ ಮಂಜೂರಾದವರ ಹೆಸರು ತಿದ್ದುತ್ತಾರೆ ಅಂತ ತಿಳಿದೇನು! ‘ಸೂರುಹಲಗೆ’ ವಾಸಿ. ಆದರೆ ನಮ್ಮಲ್ಲಿ ಹಲಗಿ ಅಂದರೆ ಮೊದಲು ಕಿವಿಗೆ ಬೀಳೋದು ಬಡಿಯುವ ಹಲಗಿ.

ಕೊನೆಗೆ ಅಕ್ಕನೇ ದಾರಿ ತೋರಿಸಿದಳು. ಫೋಟೋ ನೋಡಿ, ‘ಸೀರಿಗಿ ದಡಿ ಇದ್ಹಂಗ ಅದ’ ಅಂದಳು. ಸೀರೆಯ ಅಂಚಿಗೆ ನಾವು ದಡಿ ಅಂತೀವಿ. ಮಾಡಿನ ದಡಿ! ನನಗಂತೂ ಹಿಡಿಸಿತು.

ಎರಡನೇ ಪ್ರಶ್ನೆ, ಅದು ಹಾಳಾದದ್ದಕ್ಕೆ ಏನನ್ನಬೇಕು ಅನ್ನೋದು. ಹುಡುಗಿ ಕಳಿಸಿದ ಫೋಟೋದಲ್ಲಿ ದೋಣಿಯ ಜೋಡಣೆ ಇರುವ ಕಡೆ ಬಣ್ಣ ಗುಳ್ಳೆ ಎದ್ದಿದೆ. ಕೆಳಗೆ ಕಪ್ಪು ಗೆರೆ ಇಳಿದಿದೆ. ದೋಣಿಯೂ ಅಲ್ಲೇ ಜೋತು ಬಿದ್ದಿದೆ. ಸ್ಕ್ರೂಡ್ರೈವರ್ ಒತ್ತಿ ನೋಡು ಅಂದೆ. ತುದಿ ಅರ್ಧ ಇಂಚು ಒಳಗೆ ಹೋಯಿತಂತೆ, ನೆನೆದ ಬಿಸ್ಕತ್ತಿಗೆ ಚುಚ್ಚಿದ ಹಾಗೆ. ಇದನ್ನೇ ನಮ್ಮ ಓಣಿಯ ಬಡಿಗೇರರಿಗೆ ತೋರಿಸಿದೆ. ‘ಲಡ್ಡ ಹಿಡದಾದ ನೋಡ್ರಿ. ಬಣ್ಣ ಹಚ್ಚಿ ಏನ್ ಮಾಡ್ತಾರ?’ ಅಂದರು.

ಅವರ ಲೆಕ್ಕದಲ್ಲಿ ಟೊಳ್ಳು ಬೇರೆ, ಲಡ್ಡು ಬೇರೆ. ಗೆದ್ದಲು ತಿಂದದ್ದು ಟೊಳ್ಳು: ಮೇಲೆ ಚೆನ್ನಾಗೇ ಕಾಣುತ್ತದೆ, ಬೆರಳಗಂಟಿನಿಂದ ತಟ್ಟಿದರೆ ಸದ್ದೇ ಹೇಳುತ್ತದೆ. ನೀರು ಕುಡಿದು ಕೊಳೆತದ್ದು ಲಡ್ಡು: ಹಸಿ ಇದ್ದಾಗ ಮೆತ್ತಗೆ, ಒಣಗಿದರೆ ಚೂರುಚೂರು. ಇಂಗ್ಲೆಂಡಿನಲ್ಲಿ ಗೆದ್ದಲಿನ ಕಾಟ ಇಲ್ಲ, ಹಾಗಾಗಿ ಅಲ್ಲಿಯದು ಲಡ್ಡೇ. ಬರೀ ಬಣ್ಣ ಎದ್ದು ಒಳಗೆ ಮರ ಗಟ್ಟಿ ಇದ್ದರೆ ಕೆರೆದು ಬಣ್ಣ ಹೊಡೆದರೆ ಸಾಕು. ಲಡ್ಡು ಹಿಡಿದಿದ್ದರೆ ಕಿತ್ತು ಹಾಕಬೇಕು, ಹಿಂದಿನ ಜಂತಿಯ ತುದಿಗಳನ್ನೂ ಚುಚ್ಚಿ ನೋಡಬೇಕು. ಮೈಸೂರು ಕಡೆಯ ಗೆಳೆಯ ಇದಕ್ಕೆ ‘ಕುಂಬಾಗಿದೆ’ ಅನ್ನುತ್ತಾನೆ. ಎರಡೂ ಒಂದೇನಾ?

ಇನ್ನೊಂದು ಮಾತು. ಅಲ್ಲಿನ ಕೆಲಸದವನು ಹಳೇ ಹಲಗೆ ಕೀಳದೆ ಮೇಲೆಯೇ ಪ್ಲಾಸ್ಟಿಕ್ ಹಲಗೆ ಹೊಡೆಯುತ್ತೀನಿ, ಖರ್ಚು ಕಡಿಮೆ ಅಂದನಂತೆ. ಅದನ್ನೂ ‘ಬದಲಿಸೋದು’ ಅಂತಲೇ ಕರೆದನಂತೆ. ಕನ್ನಡದಲ್ಲಿ ಅದು ಹೊದಿಸೋದು ತಾನೆ? ಲಡ್ಡು ಒಳಗೇ ಉಳಿಯುತ್ತದೆ, ದೋಣಿಯ ಭಾರ ಹೊರುವ ಸ್ಕ್ರೂಗೆ ಹಿಡಿತವೂ ಸಿಗೋದಿಲ್ಲ. ಅಕ್ಕ ಕೇಳಿದ ಫೇಶಿಯಲ್ ಅಂದರೆ ಇದೇ ನೋಡಿ.

ಕರಾವಳಿ, ಮಲೆನಾಡಿನ ಹೆಂಚಿನ ಮನೆಯವರಿಗೆ ಈ ಹಲಗೆ ದಿನಾ ಕಣ್ಣಿಗೆ ಬೀಳುವಂಥದ್ದು. ನಿಮ್ಮ ಬಡಗಿಗಳು ಏನಂತಾರೆ? ಬೀದರ, ಯಾದಗಿರಿ ಕಡೆಯವರು ದಡಿ ಅನ್ನೋದನ್ನು ಸೀರೆ, ಧೋತರ ಬಿಟ್ಟು ಬೇರೆ ಯಾವುದಕ್ಕಾದರೂ ಬಳಸ್ತೀರಾ?