ಅಪ್‌ಡೇಟ್: ಲೇಖನ ಹೊಂದಿಸುವ ಬಗ್ಗೆ ಕೇಳಿದ್ದೆನಲ್ಲ, ಕೊನೆಗೆ ಏನಾಯ್ತು ಅಂದ್ರೆ

ಅಡುಗೆಮನೆ ಕಸದಿಂದ ಗೊಬ್ಬರ ಮಾಡುವ ನನ್ನ ಲೇಖನವನ್ನು ಯಾರೂ ಪೂರ್ತಿ ಓದುತ್ತಿಲ್ಲ, ಹೇಗೆ ಹೊಂದಿಸಲಿ ಅಂತ ಕೇಳಿದ್ದೆ.

ಕೆಲಸಕ್ಕೆ ಬಂದದ್ದು ಒಂದೇ ಸಲಹೆ: ಜನ ಜಾಸ್ತಿ ಓದಿದ ಲೇಖನಗಳನ್ನು ತೆಗೆದುಕೊಂಡು, ಪ್ರತಿ ಪ್ಯಾರಾದ ಪಕ್ಕದಲ್ಲಿ 'ಇದು ಇಲ್ಲಿ ಯಾಕಿದೆ' ಅಂತ ಒಂದು ಸಾಲು ಬರೆಯುವುದು. ಏನು ಹೇಳುತ್ತದೆ ಅಂತಲ್ಲ, ಯಾಕಿದೆ ಅಂತ. ಹಾಗೆ ಬರೆದಾಗ ಕಂಡದ್ದು, ಹೆಚ್ಚಿನವರು ಓದುಗ ಹುಡುಕಿಕೊಂಡು ಬಂದ ಉತ್ತರವನ್ನು ಮೇಲೆಯೇ ಕೊಟ್ಟು, ಕಾರಣ, ಹಿನ್ನೆಲೆ ಎಲ್ಲ ಕೆಳಗೆ ಇಡುತ್ತಾರೆ. ಪತ್ರಿಕೆಯವರ ತಲೆಕೆಳಗಾದ ಪಿರಮಿಡ್ ಇದೇ ಅಲ್ವಾ! ಈಗ ನನ್ನ ಲೇಖನ 'ಗೊಬ್ಬರ ನಾರುತ್ತಿದ್ದರೆ ಒಣ ಎಲೆ ಸೇರಿಸಿ ಕೆದಕಿ' ಅಂತಲೇ ಶುರುವಾಗುತ್ತದೆ. ಗೊಬ್ಬರದ ಮಹತ್ವ ಹೇಳುವ ಪೀಠಿಕೆ ಪೂರ್ತಿ ಹೋಯ್ತು.

ರೆಡಿಮೇಡ್ ಟೆಂಪ್ಲೇಟ್ ಹೊಂದಲಿಲ್ಲ, ಎಲ್ಲ ಲೇಖನವೂ ಒಂದೇ ಥರ ಕಾಣುತ್ತಿತ್ತು. ಇಡೀ ಲೇಖನವನ್ನು ಕೈಯಲ್ಲಿ ನಕಲು ಮಾಡಿದ್ದೂ ಸುಮ್ನೆ ಕೈನೋವು.

ಆಶ್ಚರ್ಯ ಆದದ್ದು ಉಪಶೀರ್ಷಿಕೆ ವಿಷಯ. ಜನ ವೆಬ್ ಪುಟ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ 232 ಜನರ ಕಣ್ಣಿನ ಚಲನೆ ಗಮನಿಸಿ ಬರೆದಿದ್ದಾರೆ: ಮೇಲಿನ ಸಾಲುಗಳನ್ನು ಅಡ್ಡಕ್ಕೆ ಓದಿ, ಆಮೇಲೆ ಕಣ್ಣು ಎಡ ಅಂಚಿನಲ್ಲೇ ಕೆಳಗೆ ಜಾರುತ್ತದಂತೆ, ಇಂಗ್ಲಿಷಿನ ಎಫ್ ಅಕ್ಷರದ ಹಾಗೆ. ಅಂದ್ರೆ ಕೆಳಗಿನ ಉಪಶೀರ್ಷಿಕೆಗಳಲ್ಲಿ ಮೊದಲ ಪದಗಳೇ ವಿಷಯ ಹೇಳಬೇಕು. ಅದಕ್ಕೇ 'ಕೆಲವು ಮುಖ್ಯ ಅಂಶಗಳು' ಅಂತಿದ್ದ ಉಪಶೀರ್ಷಿಕೆಯನ್ನು 'ಹುಳ ಬಂದರೆ ಏನು ಮಾಡಬೇಕು' ಅಂತ ಬದಲಾಯಿಸಿದೆ.

ಈಗ ಕಾಮೆಂಟಿನಲ್ಲಿ ಲೇಖನದ ಕೊನೆಯ ಭಾಗದ ಬಗ್ಗೆಯೂ ಪ್ರಶ್ನೆ ಬರುತ್ತಿವೆ. ಅನುಭವ ಕಥನಕ್ಕೆ ಮಾತ್ರ ಈ ಕ್ರಮ ಒಗ್ಗಲಿಲ್ಲ, ಅದನ್ನು ಬೇರೆಯಾಗಿ ನೋಡಬೇಕು.